ಪಿಗ್ಮಿಗೆ ಹಾಕಿದ ಮಂಗಳವಾರ

ದಿನಾ ಹೋಗಿ ಜನರ ಕೈಯಿಂದ ದುಡ್ಡು ತೆಗೆದುಕೊಂಡು, ಮೇಲೆ ಅವರ ಖರ್ಚಿನಲ್ಲೇ ಚಹಾ ಕುಡಿದು ಬರುವ ಕೆಲಸ ನನಗೆ ತಿಳಿದಂತೆ ಒಂದೇ ಒಂದು. ಅದು ಪಿಗ್ಮಿ ಕಟ್ಟಿಸಿಕೊಳ್ಳುವ ಕೆಲಸ. ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ ಯಾರ್ಡಿನವರೆಗೆ ಅಂಗಡಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿದು, ಒಬ್ಬರಿಂದ ಒಂದು ರೂಪಾಯಿ, ಇನ್ನೊಬ್ಬರಿಂದ ಎರಡು ರೂಪಾಯಿ ಪಡೆದು, ಸಂಜೆ ಬ್ಯಾಂಕಿಗೆ ಕಟ್ಟುತ್ತಾ ಕಟ್ಟುತ್ತಾ ನನ್ನ ತಲೆ ನೆರೆಯಿತು. ಊರಿನವರು ನನ್ನ ಹೆಸರು ತಿಪ್ಪೇಶ ಎಂಬುದನ್ನು ಮರೆತು ‘ಪಿಗ್ಮಿ’ ಎಂದೇ ಕೂಗುತ್ತಿದ್ದರು. ಈಗಲೂ ಕೂಗುತ್ತಾರೆ, ದುಡ್ಡಿನ ಚೀಲ ಬ್ಯಾಂಕಿಗೆ ಒಪ್ಪಿಸಿ ಕೆಲಸ ಬಿಟ್ಟು ಬಂದಿದ್ದರೂ.

ಹೊಸದಾಗಿ ಆ ಚೀಲ ಹೆಗಲಿಗೆ ಹಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಮೊದಲ ಮಾತು ಚಪ್ಪಲಿಯದು. ಒಳ್ಳೆಯದನ್ನೇ ಕೊಳ್ಳಿ. ಉಳಿತಾಯ ಮಾಡಿ ಎಂದು ಊರಿಗೆಲ್ಲ ಹೇಳುವವನು ಚಪ್ಪಲಿಯಲ್ಲಿ ಉಳಿಸಲು ಹೋದರೆ ಹಿಮ್ಮಡಿ ಒಡೆದು ಮನೆಯಲ್ಲಿ ಕೂರಬೇಕಾಗುತ್ತದೆ. ನಾನು ಕೂತಿದ್ದೆ.

ನಮ್ಮದು ಹೊಸದುರ್ಗದ ಕಡೆಯ ಕುರಿ ಕಾಯುವ ಮನೆತನ. ಅಪ್ಪ ಅವ್ವ ಬೇಗ ಹೋದರು. ನನಗಿಂತ ಬಹಳ ದೊಡ್ಡವಳಾದ ಗಂಗಕ್ಕ, ಗಂಡ ತೀರಿಕೊಂಡ ಮೇಲೆ ನನ್ನನ್ನೂ ಕರೆದುಕೊಂಡು ಹೊಳಲ್ಕೆರೆಗೆ ಬಂದು, ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿಯ ಗಾಡಿ ಇಟ್ಟಳು. ಪಿಗ್ಮಿ ಕೆಲಸ ಸಿಗಬೇಕಾದರೆ ಬ್ಯಾಂಕಿನಲ್ಲಿ ನಂಬಿಕೆಗೆಂದು ಒಂದು ಠೇವಣಿ ಇಡಬೇಕಿತ್ತು. ಚಿಕ್ಕಪ್ಪನ ಮಂದೆಯಲ್ಲಿ ಬಿಟ್ಟಿದ್ದ ತನ್ನ ಪಾಲಿನ ಕುರಿ ಮಾರಿ ಅಕ್ಕ ಅದನ್ನು ಇಟ್ಟಳು. ಮೊದಲ ದಿನ ನನ್ನ ಮೊದಲ ಖಾತೆಯೂ ಅವಳದೇ. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಎರಡು ರೂಪಾಯಿ ಕೊಟ್ಟಳು.

"ತಗಳ್ರಿ ಸಾಹೇಬ್ರೆ. ಎತ್ಕಂಡು ಓಡಿ ಹೋಗ್ಬ್ಯಾಡ್ರಿ ಮತ್ತೆ" ಅಂದಳು.

ಮೊದಲ ವಾರದಲ್ಲೇ ಬೈಸಿಕೊಂಡೆ. ಬೇಗ ಹೊರಟರೆ ಬೇಗ ಮುಗಿಯುತ್ತದೆ ಎಂದುಕೊಂಡು ಬೆಳಗ್ಗೆ ದಿನಸಿ ಅಂಗಡಿಯ ರುದ್ರಪ್ಪನವರ ಬಾಗಿಲಲ್ಲಿ ನಿಂತು ಕೈ ಚಾಚಿದೆ. ಅವರು ಆಗ ತಾನೇ ಊದುಬತ್ತಿ ಹಚ್ಚಿದ್ದರು.

"ಲೇ, ಇನ್ನೂ ಬೋಣಿ ಆಗಿಲ್ಲ! ಗಲ್ಲಕ್ಕೆ ಒಂದು ಪೈಸ ಬೀಳಾಕ್ ಮುಂಚೆ ಕಿತ್ಕಣಾಕೆ ಬಂದಿದಿಯಲ್ಲ, ಯಾರ್ಲೇ ನಿನ್ನ ಕಳ್ಸಿದ್ದು?"

ಸರಿ, ಸಂಜೆ ಹೋದೆ. ದೀಪ ಹಚ್ಚುವ ಹೊತ್ತು, ಅದೂ ಶುಕ್ರವಾರ. ಈ ಸಲ ಅವರು ಬೈಯಲೂ ಇಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಅವಳನ್ನು ಹೊರಗೆ ಕರೆದೊಯ್ಯಲು ಬಂದವನನ್ನು ಹೇಗೆ ನೋಡಬೇಕೋ ಹಾಗೆ ನೋಡಿದರು. ಅದಕ್ಕಿಂತ ಬೈಗುಳವೇ ಮೇಲಿತ್ತು.

ಅಕ್ಕ ಕೇಳಿ ನಕ್ಕಳು. "ಬೋಣಿ ಆಗಿಲ್ಲ ಅಂದ್ರೆ ನೀನೇ ಮಾಡ್ಲೇ. ಒಂದು ಪೆಪ್ಪರಮೆಂಟ್ ತಗಾ, ದುಡ್ಡು ಕೊಡು, ಆಮೇಲೆ ಕೈ ಚಾಚು" ಅಂದಳು.

ಮರುದಿನ ಹಾಗೇ ಮಾಡಿದೆ. ಅವತ್ತು ರುದ್ರಪ್ಪನವರಿಗೆ ಯಾವುದೋ ಮದುವೆ ಮನೆಯ ದೊಡ್ಡ ವ್ಯಾಪಾರ ಬಂತು. ಅಲ್ಲಿಗೆ ನನ್ನ ಕೈಗುಣ ಊರಲ್ಲೆಲ್ಲ ಹಬ್ಬಿತು. "ತಿಪ್ಪೇಶ, ಮೊದ್ಲು ನಮ್ಮಲ್ಲಿ ಬಾರಪ್ಪ" ಎಂದು ಎಲ್ಲರೂ ಕರೆಯುವವರೇ. ಹತ್ತು ಗಂಟೆಯ ಹೊತ್ತಿಗೆ ನನ್ನ ಜೇಬಿನಲ್ಲಿ ಪೆಪ್ಪರಮೆಂಟು, ಬೆಂಕಿಪೊಟ್ಟಣ, ಸೂಜಿ, ಲಾಡಿ, ಒಮ್ಮೆ ಒಂದು ಕುದುರೆ ಲಾಳ ಕೂಡ ಇರುತ್ತಿತ್ತು. ಕಮಿಷನ್ನಿನಲ್ಲಿ ಒಂದಷ್ಟು ಬೋಣಿಗೇ ಹೋಯಿತು. ಆದರೆ ಖಾತೆ ಬೆಳೆದವು. ನೆನಪಿಡಿ: ಅಂಗಡಿಯವನ ಮುಂದೆ ಕೈ ಚಾಚುವ ಮೊದಲು ಅವನ ಕೈ ಬೆಚ್ಚಗಾಗಿರಬೇಕು.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಸೈಕಲ್ ಶಾಪಿನ ಮಂಜಣ್ಣ ಆಗಾಗ ದಿನ ತಪ್ಪಿಸುತ್ತಿದ್ದರು. ಖಾತೆ ಚೆಂದ ಕಾಣಲಿ ಎಂದು ನಾನೇ ಕೈಯಿಂದ ಹಾಕಿ, ಮರುದಿನ ಕೇಳಿ ತೆಗೆದುಕೊಳ್ಳುತ್ತಿದ್ದೆ. ಒಂದು ದಿನ ಅವರು ಟಯರಿನಿಂದ ತಲೆ ಎತ್ತದೆ, "ಇವತ್ತೂ ನೀನೇ ಹಾಕ್ಬಿಡು ತಿಪ್ಪೇಶ, ಹೆಂಗೂ ನಿನ್ ಕೈಗುಣ ಚೆನ್ನಾಗೈತೆ" ಅಂದರು. ಅವತ್ತಿಗೆ ಆ ಅಭ್ಯಾಸ ಬಿಟ್ಟೆ. ನೀವು ಶುರುವನ್ನೇ ಮಾಡಬೇಡಿ.

ಆಗಿನ ನಮ್ಮ ಮ್ಯಾನೇಜರು ಹಿರಿಯೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ. ಅವರದೊಂದು ಮಂತ್ರವಿತ್ತು: "ಬೀಡಿ, ಸೋಡ, ಸಿನಿಮಾ. ಈ ಮೂರು ಬಿಟ್ಟವನ ಮನೆಗೆ ಆರ್‌ಸಿಸಿ." ಅದನ್ನು ನನಗೆ ಬಾಯಿಪಾಠ ಮಾಡಿಸಿ, ಹೋದ ಕಡೆಯೆಲ್ಲ ಹೇಳು ಅಂದರು. ನಾನು ಹೇಳಿದೆ. ಕ್ಷೌರದ ಅಂಗಡಿಯಲ್ಲಿ ಹೇಳಿದೆ, ಬೀಡಿ ಅಂಗಡಿಯಲ್ಲೂ ಹೇಳಿದೆ. ಬೀಡಿ ಅಂಗಡಿಯವನು ಖಾತೆ ಮುಚ್ಚಿಸಿದ.

ಅದೇ ಮ್ಯಾನೇಜರು ಸಂಜೆ ಬಸ್ಸು ಬರುವವರೆಗೆ ಅಕ್ಕನ ಗಾಡಿಯ ಮುಂದೆ ನಿಂತು ಎರಡು ಪ್ಲೇಟು ಮಿರ್ಚಿ ತಿನ್ನುತ್ತಿದ್ದರು.

"ಸಾಹೇಬ್ರೆ, ನಿಮ್ ಪಟ್ಟಿಗೆ ಮಿರ್ಚಿ ಸೇರಿಸಬ್ಯಾಡ್ರಿ, ನಮ್ ಹೊಟ್ಟೆ ಮ್ಯಾಲೆ ಹೊಡ್ದಂಗಾಗ್ತತೆ" ಎನ್ನುತ್ತಿದ್ದಳು ಅಕ್ಕ.

"ಇದು ಹಸಿವು ಗಂಗಮ್ಮ, ಚಪಲ ಅಲ್ಲ" ಎಂದು ಅವರು ಇನ್ನೊಂದಕ್ಕೆ ಕೈ ಹಾಕುತ್ತಿದ್ದರು.

ಮಂತ್ರ ನಿಜವಾಗಿ ತಗುಲಿದ್ದು ಮಂಜಣ್ಣನವರಿಗೆ. ಒಂದೇ ಏಟಿಗೆ ಮೂರನ್ನೂ ಬಿಟ್ಟು, ಚಹಾವನ್ನೂ ಬಿಟ್ಟು, ಎಲ್ಲವನ್ನೂ ಪಿಗ್ಮಿಗೆ ಹಾಕತೊಡಗಿದರು. ನಾನು ಮ್ಯಾನೇಜರ ಮುಂದೆ ಎದೆ ಉಬ್ಬಿಸಿದೆ. ಕೆಲವೇ ತಿಂಗಳಲ್ಲಿ ಮಂಜಣ್ಣ ಬ್ಯಾಂಕಿಗೇ ಬಂದು, ಅವಧಿಗೆ ಮುಂಚೆಯೇ ಖಾತೆ ಮುರಿಸಿ ದುಡ್ಡು ತೆಗೆದು, ಅದೇ ದಿನ ಎರಡು ಸ್ಪೀಕರಿನ ಟೇಪ್ ರೆಕಾರ್ಡರ್ ತಂದು ಅಂಗಡಿಯಲ್ಲಿ ಜೋರಾಗಿ ಹಾಕಿ ಕೂತರು. "ತಡ್ಕಣಾಕೆ ಆಗ್ಲಿಲ್ಲಪ್ಪ. ಅಷ್ಟು ದಿನದ ಬೀಡಿನೆಲ್ಲ ಒಂದೇ ಸಲ ಸೇದ್ದಂಗಾತು" ಅಂದರು.

ಅಡಿಕೆ ಮಂಡಿಯ ಹಮಾಲಿ ನಿಂಗಣ್ಣನದು ಬೇರೆ ರೀತಿ. ಸೋಮವಾರದಿಂದ ಶನಿವಾರದವರೆಗೆ ಮೂಟೆ ಇಳಿಸಿದ ಕೈಯಲ್ಲೇ ದುಡ್ಡು ಕೊಡುತ್ತಿದ್ದ. ಭಾನುವಾರ ಮಾತ್ರ ಪೈಸೆಯೂ ಇಲ್ಲ.

"ಭಾನುವಾರ ನನ್ ಕಡೆ ಬರ್ಬ್ಯಾಡ್ರಿ. ಅವತ್ತು ನಾನೇ ಸಾಹುಕಾರ" ಎನ್ನುತ್ತಿದ್ದ. ಅವತ್ತು ಅವನ ಮನೆಯಲ್ಲಿ ಮಾಂಸದ ಸಾರು. ಊಟವಾದ ಮೇಲೆ ಬಾಯಿ ತುಂಬ ಸಿಹಿ ಬೀಡ ಹಾಕಿಕೊಂಡು ಹೆಂಡತಿಯ ಜೊತೆ ಯಾರ್ಡಿನವರೆಗೆ ನಡೆದು ಬರುವುದು, ತಾನು ಮೂಟೆ ಹೊರದ ದಿನ ಅದು ಹೇಗೆ ಕಾಣುತ್ತದೆಂದು ನೋಡಲು. ವಾರಕ್ಕೊಂದು ಸೊನ್ನೆ ಯಾಕೆ ಎಂದು ಮ್ಯಾನೇಜರು ನನ್ನನ್ನು ಗದರುತ್ತಿದ್ದರು. ಆದರೆ ನನ್ನ ಕಾಲದಲ್ಲಿ ಒಮ್ಮೆಯೂ ಖಾತೆ ಮುರಿಸದವರಲ್ಲಿ ನಿಂಗಣ್ಣನೇ ಮುಂದು. ಅದರಿಂದಲೇ ಮಗಳನ್ನು ನರ್ಸ್ ಓದಿಸಿದ. ಆ ಸೊನ್ನೆಯ ಅರ್ಥ ನನಗೆ ಆಗಲೇ ಹೊಳೆದಿದ್ದರೆ ಮುಂದಿನದನ್ನು ಬರೆಯಬೇಕಾಗಿರಲಿಲ್ಲ.

ಅಕ್ಕನಿಗೂ ಒಂದು ಸೊನ್ನೆಯಿತ್ತು. ವಾರಕ್ಕಲ್ಲ, ತಿಂಗಳಿಗೆ ಒಂದು. ತಿಂಗಳ ಮೊದಲ ಮಂಗಳವಾರ ಗಾಡಿಗೆ ತಾಡಪಾಲು ಹೊದಿಸಿ, ಬೀಬಿಜಾನ್ ಜೊತೆ ಚಿತ್ರದುರ್ಗದ ಬಸ್ಸು ಹತ್ತುತ್ತಿದ್ದಳು. ಬೀಬಿಜಾನ್ ಬುಟ್ಟಿಯಲ್ಲಿ ಬಳೆ ಹೊತ್ತು ಓಣಿ ಓಣಿ ಮಾರುವವಳು. ಅಕ್ಕ ಗಂಡ ಸತ್ತವಳು. ಆಗಿನ ಪದ್ಧತಿಯಂತೆ ಬಳೆ ತೊಡುವವಳಲ್ಲ. ಹಾಗಾಗಿ ಬಳೆ ಬುಟ್ಟಿ ಇಳಿಸಿ ವ್ಯಾಪಾರದ ಮಾತಿಲ್ಲದೆ ಕೂರಲು ಬೀಬಿಗೆ ಊರಿನಲ್ಲಿದ್ದ ಒಂದೇ ಜಾಗ ಅಕ್ಕನ ಗಾಡಿ. ಇಬ್ಬರೂ ಮಧ್ಯಾಹ್ನದ ಆಟ ನೋಡಿ, ಗೋಲಿ ಸೋಡ ಕುಡಿದು, ಪೊಟ್ಟಣದ ಶೇಂಗಾ ಹಂಚಿಕೊಂಡು, ಸಂಜೆ ಬಸ್ಸಿಗೆ ವಾಪಸ್ಸು. ಒಂದು ತಿಂಗಳು ಅಕ್ಕನ ಟಿಕೀಟು, ಮುಂದಿನ ತಿಂಗಳು ಬೀಬಿಯದು.

ಕುರಿ ಕಾಯುವ ಮನೆಯ ಹುಡುಗಿಯಾಗಿದ್ದಾಗ ಅಕ್ಕ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯಲು ಕಲಿತಿದ್ದಳು. ಗುಡ್ಡದಾಚೆ ಹೋದ ಕುರಿಯೂ ತಿರುಗಿ ನೋಡುವಂಥ ಸೀಟಿ. ಪರದೆಯ ಮೇಲೆ ಹೀರೋ ಬಂದಾಗ ಅದು ಹೊರಗೆ ಬರುತ್ತಿತ್ತು. ಮುಂದಿನ ಸಾಲಿನ ಗಂಡಸರೆಲ್ಲ ಹಿಂದೆ ತಿರುಗಿ ಯಾವ ಪುಣ್ಯಾತ್ಮನೆಂದು ಹುಡುಕಿದರೆ, ಸೆರಗು ಹೊದ್ದ ಇಬ್ಬರು ಹೆಂಗಸರು ಏನೂ ತಿಳಿಯದವರಂತೆ ಶೇಂಗಾ ತಿನ್ನುತ್ತಿರುತ್ತಿದ್ದರಂತೆ. ಇದನ್ನು ಬೀಬಿ ಎಷ್ಟು ಸಲ ಹೇಳಿದರೂ ಹೇಳುವ ಮೊದಲೇ ನಗುತ್ತಿದ್ದಳು.

ಒಂದು ದಿನ ಮಂಡಿಗೆ ಹೋದಾಗ, ಹಮಾಲಿಗಳೆಲ್ಲ ಚಹಾ ಕುಡಿಯುತ್ತಿದ್ದ ಹೊತ್ತು, ಮಂಡಿಯ ಸಾಹುಕಾರರು ಎಲ್ಲರಿಗೂ ಕೇಳುವಂತೆ ಕೂಗಿದರು.

"ಏನಪ್ಪ ಪಿಗ್ಮಿ, ನಿಮ್ಮಕ್ಕ ದುರ್ಗದ ಟಾಕೀಸಿನಾಗೆ ಸೀಟಿ ಹೊಡಿತಾಳಂತೆ! ಊರೋರ ಸೋಡ ಸಿನಿಮಾ ಬಿಡಸ್ತೀಯ, ಮೊದ್ಲು ನಿಮ್ಮನೇದು ಬಿಡಸು."

ಎಲ್ಲರೂ ನಕ್ಕರು. ನಿಂಗಣ್ಣ ಒಬ್ಬ ನಗಲಿಲ್ಲ. "ಸೀಟಿ ಹೊಡಿಯಾಕೂ ಬರಬೇಕಲ್ರಿ ಸಾಹುಕಾರ್ರೆ" ಅಂದ. ಅದೇ ಮಾತನ್ನು ನಾನು ಆಡಬೇಕಿತ್ತು. ನಾನು ತಲೆ ತಗ್ಗಿಸಿ ಅವರ ದುಡ್ಡು ಎಣಿಸಿಕೊಂಡು ಬಂದೆ.

ಸಂಜೆ ಅಕ್ಕನ ಗಾಡಿಗೆ ಹೋದೆ. ಅವಳು ಮೆಣಸಿನಕಾಯಿ ಸೀಳುತ್ತಿದ್ದಳು.

"ಅಕ್ಕ, ತಿಂಗಳಿಗೊಂದು ಸಿನಿಮಾ, ಬಸ್ ಚಾರ್ಜು, ಸೋಡ. ಆ ದುಡ್ಡನ್ನೂ ಪಿಗ್ಮಿಗೆ ಹಾಕಿದ್ರೆ ಮನೆ ಮ್ಯಾಲೆ ಆರ್‌ಸಿಸಿ ಬೀಳ್ತತೆ."

"ಯಾರ್ ಹೇಳಿದ್ರು?"

"ಮ್ಯಾನೇಜರು."

"ಅವ್ರು ದಿನಾ ಇಲ್ಲಿ ಎರಡು ಪ್ಲೇಟ್ ತಿಂತಾರಲ್ಲ, ಅದು ಯಾವ ಆರ್‌ಸಿಸಿಗೆ?"

"ಊರಿಗೆಲ್ಲ ಹೇಳೋನು ನಾನು. ನನ್ ಮಾತು ನೀನೇ ಕೇಳ್ದಿದ್ರೆ ಹೆಂಗೆ?" ಎಂದು ರೇಗಿದೆ. ಅಕ್ಕ ನನ್ನ ಮುಖವನ್ನು ನೋಡಿದಳು. ಆಮೇಲೆ ಮತ್ತೆ ಮೆಣಸಿನಕಾಯಿ ಕೈಗೆತ್ತಿಕೊಂಡಳು.

"ಆತು ಬಿಡು. ಹಾಕು" ಅಂದಳು.

ಮುಂದಿನ ತಿಂಗಳ ಮೊದಲ ಮಂಗಳವಾರ ನಾನು ಪಕ್ಕದ ಅಂಗಡಿಯಲ್ಲಿ ದುಡ್ಡು ಪಡೆದದ್ದಕ್ಕೆ ಚೀಟಿ ಬರೆಯುತ್ತಿದ್ದೆ. ಬೀಬಿಜಾನ್ ಬೇರೆ ಸೀರೆ ಉಟ್ಟು ಬಂದಳು.

"ಬಾರೇ ಗಂಗಾ, ಹೋಗಾಣ. ಬಸ್ಸು ನಿಂತೈತೆ."

"ಇಲ್ಲ ಬೀಬಿ. ಆ ದುಡ್ಡು ಪಿಗ್ಮಿಗೆ ಹಾಕೀನಿ."

"ಇವತ್ತು ನನ್ ಟಿಕೀಟಲ್ಲೇನೇ?"

"ಮುಂದಿನ ತಿಂಗ್ಳು ನಂದು ಬರ್ತತಲ್ಲ. ಬ್ಯಾಡ ಬಿಡು."

ಬೀಬಿ ನನ್ನತ್ತ ತಿರುಗಿದಳು. "ಏನಪ್ಪ ತಿಪ್ಪೇಶ, ಮನುಷ್ಯರ್ನೂ ಕಟ್ಟಿಸ್ಕಂತೀಯ ಅದ್ರಾಗೆ?"

ಅವತ್ತು ಅವಳೊಬ್ಬಳೇ ಹೋದಳು. ಅರ್ಧ ಆಟಕ್ಕೇ ಎದ್ದು ಬಂದಳಂತೆ. ಮತ್ತೆ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಅವಳ ಅಳಿಯ ಹಿರಿಯೂರಿನಲ್ಲಿ ಬಳೆ ಅಂಗಡಿ ತೆರೆದಾಗ, ಮಗಳ ಮನೆಗೆಂದು ಅವಳೂ ಊರು ಬಿಟ್ಟಳು. ಹೋಗುವ ದಿನ ಗಾಡಿಯ ಮುಂದೆ ಬಹಳ ಹೊತ್ತು ಕೂತಿದ್ದಳು.

ಕೆಲಸ ನಡೆಯುತ್ತಲೇ ಇತ್ತು. ಮ್ಯಾನೇಜರುಗಳು ಬದಲಾದರು, ಮಿರ್ಚಿ ತಿನ್ನುವವರೂ ಬಂದರು, ಎಣ್ಣೆಗೆ ಹೆದರುವವರೂ ಬಂದರು. ಕೈಯಲ್ಲಿ ಚೀಟಿ ಬರೆಯುವುದು ಹೋಗಿ, ಒತ್ತಿದರೆ ಚೀಟಿ ಉಗುಳುವ ಸಣ್ಣ ಮೆಷಿನ್ನು ಬಂತು. ರುದ್ರಪ್ಪನವರು ಅದನ್ನು ನಂಬಲೇ ಇಲ್ಲ. "ಈ ಡಬ್ಬಿ ನಾಳೆ ಸತ್ರೆ ಯಾರ್ನ ಕೇಳ್ಲಿ? ನೀನು ಸಹಿ ಮಾಡು" ಎಂದು ಮೆಷಿನ್ನಿನ ಚೀಟಿಯ ಹಿಂದೆ ನನ್ನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಚೀಟಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಪ್ರತಿ ದಿನ "ಚೀಟಿ ಬೇಕೇನಕ್ಕ?" ಎಂದು ಕೇಳುವುದು, ಅವಳು "ಮಿರ್ಚಿ ಕಟ್ಟಾಕೂ ಸಾಲಲ್ಲ, ನೀನೇ ಇಟ್ಕ" ಎನ್ನುವುದು, ಹೀಗೆ ನಡೆದಿತ್ತು.

ಒಂದು ಅವಧಿ ಮುಗಿದರೆ ಮತ್ತೆ ಹಾಕಿ, ಅದೂ ಮುಗಿದರೆ ಇನ್ನೊಂದು ಸೇರಿಸಿ, ಕೊನೆಗೂ ಅಕ್ಕನ ಹೆಂಚಿನ ಮನೆಯ ಮೇಲೆ ಆರ್‌ಸಿಸಿ ಬಿತ್ತು. ನೀರು ಕುಡಿದ ಹೊಸ ಗೋಡೆಯ ವಾಸನೆಯಲ್ಲಿ ನಿಂತು ನಾನು ಹೆಮ್ಮೆಯಿಂದ ಹೇಳಿದೆ: "ನೋಡಿದ್ಯಾ ಅಕ್ಕ? ಸಿನಿಮಾ ದುಡ್ಡು ಏನ್ ಮಾಡ್ತು!"

"ಅದ್ರಾಗೆ ಸಿನಿಮಾದ್ದು ಎಷ್ಟು?"

"ಅಂದ್ರೆ?"

"ಲೆಕ್ಕ ನಿಂದೇ ಕೆಲ್ಸ ಅಲ್ಲೇನ್ಲಾ. ಮಿರ್ಚಿದು ಎಷ್ಟು, ಸಿನಿಮಾದ್ದು ಎಷ್ಟು, ಬ್ಯಾರೆ ಮಾಡಿ ಹೇಳು."

ಬಾಯಲ್ಲೇ ಗುಣಿಸಿ ಕೂಡಿಸಿದೆ. ಬಡ್ಡಿಯನ್ನೂ ಸೇರಿಸಿ, ಸಾಧ್ಯವಾದಷ್ಟು ಹಿಗ್ಗಿಸಿ ನೋಡಿದೆ. ಛಾವಣಿ, ಗೋಡೆ, ಬಾಗಿಲು ಎಲ್ಲ ದಿನದ ಮಿರ್ಚಿ ದುಡ್ಡಿನದು. ಸಿನಿಮಾದ ಪಾಲಿಗೆ ಬಂದದ್ದು ಅಡುಗೆಮನೆಯ ಒಂದು ಕಿಟಕಿ.

"ಒಂದು ಕಿಟಕಿ" ಅಂದೆ.

ಅಕ್ಕ ಹೋಗಿ ಆ ಕಿಟಕಿಯ ಮುಂದೆ ನಿಂತು ಹೊರಗೆ ನೋಡಿದಳು. ಅಲ್ಲಿ ಪಕ್ಕದ ಮನೆಯ ಗೋಡೆ ಬಿಟ್ಟು ಬೇರೇನೂ ಇಲ್ಲ.

"ನೀನು ಸಿನಿಮಾ ಬಿಡ್ಸಿದ್ದು ದುಡ್ಡಿಗಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೋ" ಅಂದಳು. "ದುಡ್ಡಿಗೇ ಆಗಿದ್ರೆ ಇನ್ನೊಂದು ಬಾಣಲೆ ಮಿರ್ಚಿ ಜಾಸ್ತಿ ಬಿಡು ಅಂತಿದ್ದೆ ನೀನು. ಯಾರೋ ಏನೋ ಅಂದಿರ್ಬೇಕು ನಿಂಗೆ. ನಿನ್ ಮುಖ ಸಣ್ಣಗಾಗಿತ್ತು. ಅದನ್ನ ನೋಡಾಕೆ ಆಗ್ಲಿಲ್ಲ, ಆತು ಅಂದೆ."

ಹೊಸದಾಗಿ ಚೀಲ ಹಾಕುವವರೇ, ನಾನು ಹೇಳಬೇಕೆಂದಿದ್ದ ನನ್ನ ಕೊರತೆ ಇದು. ಊರಿಗೆಲ್ಲ ಉಳಿತಾಯ ಹೇಳಿದೆ. ಅಕ್ಕನಿಗೂ ಅದೇ ಹೆಸರಿನಲ್ಲಿ ಹೇಳಿದೆ. ಆದರೆ ಅವಳಿಗೆ ಹೇಳಿದ್ದು ಉಳಿತಾಯವಲ್ಲ. ಒಬ್ಬ ಸಾಹುಕಾರರು ಹಮಾಲಿಗಳ ಮುಂದೆ ನಕ್ಕರೆಂದು, ಅದು ನನಗೆ ತಾಗಿತೆಂದು, ನನ್ನನ್ನು ಸಾಕಿದವಳ ಒಂದು ದಿನವನ್ನು ಕಿತ್ತುಕೊಂಡೆ. ಆ ಸಾಹುಕಾರರು ಆ ಮಾತನ್ನು ಮರುದಿನವೇ ಮರೆತಿದ್ದರು. ಹೆಂಗಸರ, ಬಡವರ ಸಣ್ಣ ಖುಷಿಗಳ ಮೇಲೆಯೇ ‘ದುಂದು’ ಎಂಬ ಮಾತು ಎಷ್ಟು ಬೇಗ ಬೀಳುತ್ತದೆ ನೋಡಿ. ಮ್ಯಾನೇಜರ ಎರಡು ಪ್ಲೇಟಿಗೆ ಹಸಿವೆಂಬ ಹೆಸರಿತ್ತು.

ಆಮೇಲೆ ನನ್ನ ರೀತಿ ಬದಲಾಯಿತು. ಹೊಸ ಖಾತೆ ತೆರೆಯುವಾಗ ನಾನೇ ಕೇಳುತ್ತಿದ್ದೆ, "ನಿಮ್ಮ ಸೊನ್ನೆ ದಿನ ಯಾವ್ದು?" ಜನ ಮೊದಲು ಪಿಳಿಪಿಳಿ ನೋಡುತ್ತಿದ್ದರು, ಆಮೇಲೆ ನಾಚಿಕೊಂಡು ಹೇಳುತ್ತಿದ್ದರು. ಹೂ ಮಾರುವ ಒಬ್ಬಾಕೆಗೆ ತಿಂಗಳಿಗೊಂದು ಬೆಣ್ಣೆ ದೋಸೆ. ದರ್ಜಿಯೊಬ್ಬರಿಗೆ ವಾರಕ್ಕೊಂದು ಲಾಟರಿ ಟಿಕೀಟು. ಅದನ್ನು ಮಾತ್ರ ಬೆಣ್ಣೆ ದೋಸೆಗೆ ಬದಲಾಯಿಸಿದೆ. ಆ ದಿನ ಅವರ ಅಂಗಡಿಯ ಮುಂದೆ ನಾನು ಹಾಯುತ್ತಲೂ ಇರಲಿಲ್ಲ. ಕಮಿಷನ್ ಸ್ವಲ್ಪ ಇಳಿಯಿತು. ಖಾತೆ ಮುರಿಸುವವರೂ ಕಡಿಮೆಯಾದರು.

ಅಕ್ಕನ ಸೊನ್ನೆ ದಿನ ಮಾತ್ರ ವಾಪಸ್ಸು ಬರಲಿಲ್ಲ. "ಸಿನಿಮಾಕ್ಕೆ ಹೋಗಿ ಬಾ" ಅಂದರೆ, "ಯಾರ್ ಜೊತೆ ಹೋಗ್ಲಿ?" ಎನ್ನುತ್ತಿದ್ದಳು.

ಕೆಲಸ ಬಿಟ್ಟ ದಿನ ಬ್ಯಾಂಕಿನವರು ನನ್ನ ಠೇವಣಿ ವಾಪಸ್ಸು ಕೊಟ್ಟರು. ನೇರ ಅಕ್ಕನ ಮನೆಗೆ ಹೋಗಿ ಅವಳ ಮುಂದಿಟ್ಟೆ. "ನಿನ್ ಕುರಿ ದುಡ್ಡು ಅಕ್ಕ. ಮರಿ ಹಾಕ್ಕಂಡು ಬಂದೈತೆ."

ಅವಳು ಅದನ್ನು ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಕೇಳಿದಳು.

"ಹಿರಿಯೂರಿಗೆ ಬಸ್ ಚಾರ್ಜ್ ಎಷ್ಟ್ಲಾ ಈಗ?"

ಮೊದಲ ಮಂಗಳವಾರದವರೆಗೆ ಕಾದು ಹೋದೆವು. ಹಿರಿಯೂರಿನ ಪೇಟೆಯಲ್ಲಿ ಬಳೆ ಅಂಗಡಿ ಕೇಳಿಕೊಂಡು ಹೋದರೆ, ಬಾಗಿಲಲ್ಲೇ ಬೀಬಿಜಾನ್ ಕೂತಿದ್ದಳು, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ. ತಲೆ ಎತ್ತಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ.

"ಬಾ" ಅಂದಳು. "ಈ ಸಲ ನನ್ ಟಿಕೀಟು. ನೆನಪೈತೇನೇ?"

ಅಕ್ಕ ನಕ್ಕಳು. ಬೀಬಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯೋ, ನಿನ್ ಮುಂದಿನ ಹಲ್ಲು ಎಲ್ಲಿ ಹೋದ್ವೇ? ಇನ್ನು ಸೀಟಿ ಹೆಂಗೆ ಹೊಡೀತಿ?"

"ಪಿಗ್ಮಿಗೆ ಹಾಕ್ದೆ" ಅಂದಳು ಅಕ್ಕ.

ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನಾನೂ ನಕ್ಕೆ. ಕಟ್ಟಿದ ದುಡ್ಡನ್ನು ಬಡ್ಡಿ ಸೇರಿಸಿ ವಾಪಸ್ಸು ಕೊಟ್ಟೇ ಬದುಕಿದವನು ನಾನು. ಆ ಸೀಟಿಯನ್ನು ಎಲ್ಲಿಂದ ತಂದುಕೊಡಲಿ?

ಆ ಊರಿನಲ್ಲಿ ಇನ್ನೂ ಉಸಿರಾಡುತ್ತಿದ್ದ ಒಂದು ಟಾಕೀಸಿಗೆ ಮೂವರೂ ಹೋದೆವು. ಬೀಬಿ ಹಟ ಮಾಡಿ ತನ್ನದೇ ದುಡ್ಡಿನಲ್ಲಿ ಟಿಕೀಟು ತಂದಳು. ಎಣಿಸಿ ನೋಡಿದರೆ ಎರಡೇ.

"ನನಗೆ?" ಅಂದೆ.

"ನೀನು ಬ್ಯಾಡಪ್ಪ. ಪಕ್ಕದಾಗೆ ಕುಂತ್ಕಂಡು ಶೇಂಗಾ ಬೀಜ ಎಣಿಸ್ತೀಯ" ಅಂದಳು ಬೀಬಿ.

ಒಳಗೆ ಗಂಟೆ ಹೊಡೆಯಿತು. ಬೀಬಿ ಅಕ್ಕನ ರಟ್ಟೆ ಹಿಡಿದಳು. ಅಕ್ಕ ಹೊರಡಲಿಲ್ಲ, ನನ್ನ ಮುಂದೆ ಕೈ ಚಾಚಿದಳು.

"ಸೋಡಕ್ಕೆ."

ನೋಟು ಕೊಟ್ಟೆ. ಕೈ ಹಿಂದೆ ಹೋಗಲಿಲ್ಲ.

"ಇಬ್ರಿಗೆ. ಶೇಂಗಾಕ್ಕೂ ಸೇರಿಸಿ."

ಮತ್ತೆ ಕೊಟ್ಟೆ. ಜೀವನವಿಡೀ ಜನರ ಮುಂದೆ ನಾನು ಚಾಚಿದ್ದ ಕೈಯಂತೆಯೇ ಇತ್ತು ಅದು, ಅಷ್ಟೇ ಸಂಕೋಚವಿಲ್ಲದ್ದು. ಅಕ್ಕ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬೀಬಿಯ ಭುಜ ಹಿಡಿದು ಮೆಟ್ಟಿಲು ಹತ್ತಿದಳು. ಬಾಗಿಲ ಪರದೆ ಸರಿಸುವ ಮೊದಲು ತಿರುಗಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಚೀಟಿ ಬೇಕೇನ್ಲಾ?"

"ಬ್ಯಾಡಕ್ಕ" ಅಂದೆ.